ಕರಾವಳಿಯ ಸೆಕೆಯಲ್ಲಿ ಗೇಮಿಂಗ್ ಲ್ಯಾಪ್‌ಟಾಪ್: ಬಿಸಿ ಇಳಿಸಿ ವೇಗ ಏರಿಸಿದ ಬಗೆ

ಈ ದುರಸ್ತಿಗೆ ಬಂದ ಲ್ಯಾಪ್‌ಟಾಪ್ ಕಾಸರಗೋಡು ಜಿಲ್ಲೆಯ ಬದಿಯಡ್ಕದಲ್ಲಿರುವ ನನ್ನ ಸೋದರಳಿಯನದು. ಅದರೊಳಗಿರುವುದು ಇಂಟೆಲ್ ಕೋರ್ ಐ7-9750ಎಚ್ ಪ್ರೊಸೆಸರ್ ಮತ್ತು 6 ಜಿಬಿ ಮೆಮೊರಿಯ ಎನ್‌ವಿಡಿಯಾ ಜಿಟಿಎಕ್ಸ್ 1660 ಟಿಐ ಗ್ರಾಫಿಕ್ಸ್ ಚಿಪ್. ಎರಡೂ 2019ರಲ್ಲಿ ಮಾರುಕಟ್ಟೆಗೆ ಬಂದವು. ಹಗಲು ಕಾಲೇಜಿನ ಕೆಲಸ, ರಾತ್ರಿ ಆಟ, ನಡುವೆ ಊರಿನ ಯಕ್ಷಗಾನ ಬಯಲಾಟಗಳ ವಿಡಿಯೊ ಸಂಕಲನ, ಹೀಗೆ ಅವನು ಅದನ್ನು ದಿನವಿಡೀ ದುಡಿಸುತ್ತಾನೆ. "ಮಾವಾ, ಫ್ಯಾನು ಬೊಬ್ಬೆ ಹಾಕುತ್ತದೆ, ಆಟ ಮಾತ್ರ ಕುಂಟುತ್ತದೆ, ಸ್ವಲ್ಪ ಓವರ್‌ಕ್ಲಾಕ್ ಮಾಡಿ ಕೊಡಿ" ಎಂಬುದು ಅವನ ಬೇಡಿಕೆಯಾಗಿತ್ತು. ತಯಾರಕರು ಕೊಟ್ಟ ವೇಗವೇ ಕೈಗೆ ಸಿಗದಿರುವಾಗ ಅದರ ಮೇಲೆ ಇನ್ನಷ್ಟು ವೇಗವನ್ನು ಹೇರುವುದರಿಂದ ಪ್ರಯೋಜನವಿಲ್ಲ ಎಂದು ಅವನಿಗೆ ಹೇಳಿ, ಮೊದಲು ಯಂತ್ರದ ನಿಜಸ್ಥಿತಿಯನ್ನು ಅಳೆಯಲು ಕುಳಿತೆ.

ಓವರ್‌ಕ್ಲಾಕಿಂಗ್, ಅಂದರೆ ಚಿಪ್ಪನ್ನು ತಯಾರಕರು ನಿಗದಿಪಡಿಸಿದ್ದಕ್ಕಿಂತ ಹೆಚ್ಚು ವೇಗದಲ್ಲಿ ಓಡಿಸುವುದು, ಲ್ಯಾಪ್‌ಟಾಪಿನಲ್ಲಿ ಏನು ಎಂಬುದನ್ನು ಇಲ್ಲಿಯೇ ಸ್ಪಷ್ಟಪಡಿಸುವುದು ಒಳ್ಳೆಯದು. ಇಂಟೆಲ್‌ನ ಹೆಸರಿನ ಕೊನೆಯಲ್ಲಿ 'ಎಚ್‌ಕೆ' ಎಂದಿರುವ ಪ್ರೊಸೆಸರುಗಳಲ್ಲಿ, ಉದಾಹರಣೆಗೆ ಐ9-9980ಎಚ್‌ಕೆಯಲ್ಲಿ, ವೇಗವನ್ನು ನಿರ್ಧರಿಸುವ ಅಂಕೆಯಾದ ಗುಣಕವನ್ನು ನಾವು ಏರಿಸಬಹುದು. ಬರೀ 'ಎಚ್' ಎಂದಿರುವ 9750ಎಚ್‌ನಲ್ಲಿ ಆ ಗುಣಕಕ್ಕೆ ಬೀಗ ಹಾಕಿಯೇ ಇದೆ. ಇದರ ಮೂಲ ವೇಗ 2.6 ಗಿಗಾಹರ್ಟ್ಸ್, ಒಂದೇ ಕೋರ್ (ಪ್ರೊಸೆಸರಿನೊಳಗಿನ ಲೆಕ್ಕ ಮಾಡುವ ಘಟಕ) ದುಡಿಯುವಾಗ 4.5 ಗಿಗಾಹರ್ಟ್ಸ್‌ವರೆಗೆ, ಆರೂ ಕೋರ್‌ಗಳು ಒಟ್ಟಿಗೆ ದುಡಿಯುವಾಗ 4 ಗಿಗಾಹರ್ಟ್ಸ್‌ವರೆಗೆ ಏರುವ ಅನುಮತಿ ಅದಕ್ಕಿದೆ. ಆದರೆ ಅನುಮತಿ ಇದ್ದ ಮಾತ್ರಕ್ಕೆ ಆ ವೇಗ ನಿಲ್ಲುವುದಿಲ್ಲ. ಪ್ರೊಸೆಸರಿನ ದೀರ್ಘಕಾಲದ ವಿದ್ಯುತ್ ಮಿತಿ, ಅಂದರೆ ಪಿಎಲ್1, 45 ವ್ಯಾಟ್; ಶಾಖದ ಮಿತಿ 100 ಡಿಗ್ರಿ ಸೆಲ್ಸಿಯಸ್. ಇವೆರಡರಲ್ಲಿ ಯಾವುದು ಮೊದಲು ತಾಗುತ್ತದೆಯೋ ಅಲ್ಲಿ ವೇಗ ಕುಸಿಯುತ್ತದೆ. ಹಾಗಾಗಿ ಈ ಯಂತ್ರದಲ್ಲಿ ಓವರ್‌ಕ್ಲಾಕಿಂಗ್ ಎಂಬ ಹೆಸರಿನಲ್ಲಿ ಮಾಡಬಹುದಾದ ಕೆಲಸ, 2.6ಕ್ಕೂ 4ಕ್ಕೂ ನಡುವಿನ ಆ ದೊಡ್ಡ ಅಂತರದಲ್ಲಿ ಎಷ್ಟನ್ನು ನಮ್ಮದಾಗಿಸಿಕೊಳ್ಳಬಹುದು ಎಂಬುದಷ್ಟೇ. ಅದು ಸಣ್ಣ ವಿಷಯವಲ್ಲ.

ಅಳತೆ

ಅಳೆಯಲು ಬಳಸಿದ್ದು ಮೂರು ತಂತ್ರಾಂಶಗಳು: ಶಾಖ, ವ್ಯಾಟ್ ಮತ್ತು ವೇಗವನ್ನು ದಾಖಲಿಸಲು ಎಚ್‌ಡಬ್ಲ್ಯೂಇನ್ಫೊ, ಹೊರೆ ಹೇರಲು ಸಿನಿಬೆಂಚ್ ಆರ್23ರ ಹತ್ತು ನಿಮಿಷಗಳ ಓಟ, ವೇಗ ಯಾವ ಕಾರಣಕ್ಕೆ ಕುಸಿಯಿತೆಂದು ತಿಳಿಯಲು ಥ್ರಾಟಲ್‌ಸ್ಟಾಪ್‌ನ 'ಲಿಮಿಟ್ಸ್' ಕಿಟಕಿ. ಇವುಗಳ ಜೊತೆಗೆ ಮೇಜಿನ ಮೇಲೆ ಲ್ಯಾಪ್‌ಟಾಪಿನ ಬಿಸಿಗಾಳಿ ತಾಗದಷ್ಟು ದೂರದಲ್ಲಿ ಒಂದು ಸಾದಾ ಕೋಣೆ ಥರ್ಮಾಮೀಟರ್ ಇಟ್ಟೆ. ನಾಲ್ಕರಲ್ಲಿ ಅತ್ಯಂತ ಸರಳವಾದ ಈ ಉಪಕರಣವೇ ನನ್ನ ದೃಷ್ಟಿಯಲ್ಲಿ ಅತ್ಯಂತ ಮುಖ್ಯವಾದದ್ದು.

ಕುಂಬಳೆಯ ನಮ್ಮ ಮನೆ ಕಡಲಿಗೆ ಹತ್ತಿರದಲ್ಲಿದೆ. ಇಲ್ಲಿ ಏಪ್ರಿಲ್‌ನಲ್ಲಿ ಕೋಣೆಯ ಶಾಖ 34–35 ಡಿಗ್ರಿಗೆ ಏರುತ್ತದೆ. ಮಳೆಗಾಲದಲ್ಲಿ 27ಕ್ಕೆ ಇಳಿಯುತ್ತದೆ. ಗಾಳಿಯಲ್ಲಿ ಸೇರಿಕೊಂಡ ತೇವದಿಂದಾಗಿ ಮನುಷ್ಯನಿಗೆ 34 ಡಿಗ್ರಿಯೇ ಸಹಿಸಲಾಗದ ಸೆಕೆಯಾಗುತ್ತದೆ, ಏಕೆಂದರೆ ಬೆವರು ಆರುವುದಿಲ್ಲ. ಆದರೆ ಚಿಪ್ಪಿಗೆ ಬೆವರುವ ಅಗತ್ಯವಿಲ್ಲವಾದ್ದರಿಂದ ಅದರ ಮಟ್ಟಿಗೆ ಲೆಕ್ಕಕ್ಕೆ ಬರುವುದು ಗಾಳಿಯ ಶಾಖ ಮಾತ್ರ. ತೇವ ಚಿಪ್ಪಿನ ತಂಪನ್ನು ಕೆಡಿಸುವುದಿಲ್ಲ. ಅದು ಕೆಡಿಸುವುದು ಲೋಹವನ್ನು ಮತ್ತು ಧೂಳಿನ ಗುಣವನ್ನು. ಈ ಎರಡನೆಯ ವಿಷಯಕ್ಕೆ ಮುಂದೆ ಬರುತ್ತೇನೆ.

ಕೋಣೆಯ ಶಾಖ ಒಂದು ಡಿಗ್ರಿ ಏರಿದರೆ ಅದೇ ಹೊರೆಯಲ್ಲಿ, ಫ್ಯಾನು ಅದೇ ವೇಗದಲ್ಲಿ ತಿರುಗುತ್ತಿದ್ದರೆ, ಚಿಪ್ಪಿನ ಶಾಖವೂ ಸುಮಾರಾಗಿ ಒಂದು ಡಿಗ್ರಿ ಏರುತ್ತದೆ. ಆದ್ದರಿಂದ ಜುಲೈ ತಿಂಗಳಲ್ಲಿ, ಚಿಪ್ಪಿನ ಶಾಖವನ್ನು ತಾಮ್ರದ ಹೀಟ್‌ಸಿಂಕಿಗೆ ದಾಟಿಸುವ ಪೇಸ್ಟ್ ಬದಲಿಸಿ "ಎಂಟು ಡಿಗ್ರಿ ಇಳಿಯಿತು" ಎಂದು ಹೇಳುವವರು, ಅದರಲ್ಲಿ ಪೇಸ್ಟಿನ ಪಾಲೆಷ್ಟು, ಮಳೆಯ ಪಾಲೆಷ್ಟು ಎಂದು ಕೇಳಿಕೊಳ್ಳಬೇಕು. ನಾನು ಬಳಸುವ ಅಳತೆ ಬೇರೆ. ಚಿಪ್ಪಿನ ಶಾಖದಿಂದ ಕೋಣೆಯ ಶಾಖವನ್ನು ಕಳೆದು, ಬಂದದ್ದನ್ನು ಪ್ರೊಸೆಸರ್ ಆಗ ಸೇವಿಸುತ್ತಿರುವ ವ್ಯಾಟ್‌ನಿಂದ ಭಾಗಿಸುತ್ತೇನೆ. ಒಂದು ವ್ಯಾಟ್ ವಿದ್ಯುತ್ ಚಿಪ್ಪನ್ನು ಕೋಣೆಗಿಂತ ಎಷ್ಟು ಡಿಗ್ರಿ ಮೇಲಕ್ಕೆ ಒಯ್ಯುತ್ತದೆ ಎಂಬುದು ಅದರಿಂದ ತಿಳಿಯುತ್ತದೆ. ಋತು ಬದಲಾದರೂ ಈ ಸಂಖ್ಯೆ ಹೆಚ್ಚು ಬದಲಾಗುವುದಿಲ್ಲ. ಬದಲಾದರೆ ತಂಪಾಗಿಸುವ ವ್ಯವಸ್ಥೆಯಲ್ಲಿಯೇ ಏನೋ ಬದಲಾಗಿದೆ ಎಂದರ್ಥ.

ಅಳಿಯನ ಯಂತ್ರ ಬಂದ ಸ್ಥಿತಿಯಲ್ಲಿ, ಕೋಣೆ 32 ಡಿಗ್ರಿ ಇದ್ದಾಗ, ಓಟ ಆರಂಭವಾದ ಕೆಲವೇ ಕ್ಷಣಗಳಲ್ಲಿ ಚಿಪ್ 100 ಡಿಗ್ರಿ ಮುಟ್ಟಿತು. 'ಲಿಮಿಟ್ಸ್' ಕಿಟಕಿಯಲ್ಲಿ ಶಾಖದ ಮಿತಿಯನ್ನು ತೋರಿಸುವ ಪೆಟ್ಟಿಗೆ ಕೆಂಪಾಯಿತು, ಓಟ ಮುಗಿಯುವವರೆಗೂ ಕೆಂಪಾಗಿಯೇ ಇತ್ತು. ವೇಗ 2.4 ಗಿಗಾಹರ್ಟ್ಸ್‌ಗೆ, ಅಂದರೆ ಮೂಲ ವೇಗಕ್ಕಿಂತಲೂ ಕೆಳಕ್ಕೆ ಕುಸಿದು, ವಿದ್ಯುತ್ ಸೇವನೆ 29 ವ್ಯಾಟ್ ಆಸುಪಾಸಿನಲ್ಲಿ ನಿಂತಿತು. ನೂರರಿಂದ ಮೂವತ್ತೆರಡು ಕಳೆದು ಇಪ್ಪತ್ತೊಂಬತ್ತರಿಂದ ಭಾಗಿಸಿದರೆ ವ್ಯಾಟಿಗೆ 2.3 ಡಿಗ್ರಿ. ಈ ಗಾತ್ರದ ಎರಡು ಫ್ಯಾನುಗಳ ಲ್ಯಾಪ್‌ಟಾಪಿನಲ್ಲಿ ಇದು 1.3ರ ಒಳಗಿರಬೇಕು ಎಂಬುದು ನನ್ನ ಅನುಭವ. ಇಲ್ಲಿ ತೊಂದರೆ ತಂತ್ರಾಂಶದ್ದಲ್ಲ, ಒಳಗಿನದು ಎಂಬುದು ಅಲ್ಲಿಗೆ ಖಚಿತವಾಯಿತು.

ಬಿಚ್ಚಿದಾಗ ಕಂಡದ್ದು

ಅಡಿಭಾಗದ ಸ್ಕ್ರೂಗಳಲ್ಲಿ ಉದ್ದದವು ಹಿಂದಿನ ಸಾಲಿನಲ್ಲಿ, ಗಿಡ್ಡದವು ಮುಂದಿನ ಸಾಲಿನಲ್ಲಿದ್ದವು. ಒಂದು ರಟ್ಟಿನ ಮೇಲೆ ಲ್ಯಾಪ್‌ಟಾಪಿನ ಆಕಾರ ಬರೆದು, ತೆಗೆದ ಸ್ಕ್ರೂವನ್ನು ಅದರದೇ ಜಾಗದಲ್ಲಿ ಚುಚ್ಚಿಡುತ್ತ ಹೋದೆ. ಉದ್ದದ ಸ್ಕ್ರೂ ಗಿಡ್ಡದರ ತೂತಿಗೆ ಹೋದರೆ ಕೀಬೋರ್ಡಿನ ಕಡೆಯ ತಗಡನ್ನು ಉಬ್ಬಿಸಿಬಿಡುತ್ತದೆ. ಅಂಚುಗಳನ್ನು ಬಿಡಿಸಲು ಹಳೆಯ ಎಟಿಎಂ ಕಾರ್ಡ್ ಸಾಕು. ಸ್ಕ್ರೂಡ್ರೈವರ್ ತುದಿ ಹಾಕಿದರೆ ಪ್ಲಾಸ್ಟಿಕ್ ಗಾಯವಾಗುತ್ತದೆ. ಮುಚ್ಚಳ ಬಂದ ಕೂಡಲೇ ಮಾಡುವ ಮೊದಲ ಕೆಲಸ ಬ್ಯಾಟರಿಯ ಕನೆಕ್ಟರ್ ಕಳಚಿ, ಪವರ್ ಗುಂಡಿಯನ್ನು ಕೆಲವು ಸೆಕೆಂಡ್ ಒತ್ತಿ ಹಿಡಿದು ಉಳಿದ ವಿದ್ಯುತ್ತನ್ನು ಹರಿಯಬಿಡುವುದು. ಸ್ಥಿರ ವಿದ್ಯುತ್ತಿನ ಭಯ ನಮ್ಮ ತೇವದ ಗಾಳಿಯಲ್ಲಿ ಒಣ ನಾಡುಗಳಷ್ಟಿಲ್ಲ, ಆದರೂ ನೆಲಕ್ಕೆ ಸಂಪರ್ಕವಿರುವ ಲೋಹವನ್ನು ಮುಟ್ಟಿಯೇ ಮದರ್‌ಬೋರ್ಡಿಗೆ ಕೈ ಹಾಕುತ್ತೇನೆ.

ಮೇಲಿಂದ ನೋಡುವಾಗ ಫ್ಯಾನುಗಳು ಅಷ್ಟೇನೂ ಕೊಳೆಯಾಗಿರಲಿಲ್ಲ. ಇದು ಮೋಸಗೊಳಿಸುವ ನೋಟ. ಗಾಳಿ ಫ್ಯಾನಿನಿಂದ ಹೊರಬಿದ್ದು ತಾಮ್ರದ ತೆಳು ರೆಕ್ಕೆಗಳ ನಡುವೆ ನುಗ್ಗುವ ಆ ಒಂದು ಗೆರೆಯಲ್ಲಿ, ಹೊರಗಿನಿಂದ ಕಾಣದ ಜಾಗದಲ್ಲಿ, ಎಲ್ಲ ಧೂಳೂ ಸೇರುತ್ತದೆ. ಫ್ಯಾನಿನ ಸಣ್ಣ ಮುಚ್ಚಳ ತೆಗೆದು ಚಿಮುಟದಿಂದ ಒಂದು ತುದಿಯನ್ನು ಎಳೆದಾಗ ಧೂಳು ಪುಡಿಯಾಗಿ ಬರಲಿಲ್ಲ. ಕಂಬಳಿಯ ತುಂಡಿನಂತೆ, ರೆಕ್ಕೆಗಳ ಉದ್ದಕ್ಕೂ ಅಂಟಿದ್ದ ಒಂದೇ ಪಟ್ಟಿಯಾಗಿ ಎದ್ದು ಬಂತು. ಬೆಳಕಿಗೆ ಹಿಡಿದರೆ ಅದರಲ್ಲಿ ಏನೇನಿದೆಯೆಂದು ಗುರುತಿಸಬಹುದಿತ್ತು: ಹಾಸಿಗೆಯ ಹತ್ತಿ ಎಳೆಗಳು, ಮುರಕಲ್ಲಿನ ಕೆಂಪು ಹುಡಿ, ಅಂಗಳದಲ್ಲಿ ಅಡಿಕೆ ಸುಲಿಯುವಾಗ ಹಾರುವ ಸಿಪ್ಪೆಯ ನಾರು. ಒಣಹವೆಯ ಊರಿನಲ್ಲಿ ಇದೇ ಧೂಳು ಸಡಿಲವಾಗಿ ಕೂತಿರುತ್ತಿತ್ತು, ಅಲ್ಪಸ್ವಲ್ಪ ಗಾಳಿಯಾದರೂ ಹಾಯುತ್ತಿತ್ತು. ಇಲ್ಲಿ ತೇವ ಅದನ್ನು ಗಟ್ಟಿಯಾಗಿ ಒತ್ತಿ ಕೂರಿಸಿತ್ತು. ಹೊರಗಿನಿಂದ ಬ್ಲೋವರ್ ಹಿಡಿದು ಊದಿದ್ದರೆ ಈ ಪಟ್ಟಿ ಜಾಗ ಬಿಟ್ಟು ಕದಲುತ್ತಿರಲಿಲ್ಲ, ಅಥವಾ ಅದರ ಒಂದು ತುಂಡು ಒಳಬಿದ್ದು ಫ್ಯಾನನ್ನೇ ತಡೆಯುತ್ತಿತ್ತು. ಮುಚ್ಚಳ ಬಿಚ್ಚದೆ ಊದಿ ಕೊಡುವ ಸರ್ವಿಸಿಗೆ ಹಣ ಕೊಡಬೇಡಿ ಎಂದು ನಾನು ಎಲ್ಲರಿಗೂ ಹೇಳುವುದು ಇದೇ ಕಾರಣಕ್ಕೆ. ಬಿಚ್ಚಿದ ಮೇಲೆ ಊದುವಾಗಲೂ ಫ್ಯಾನಿನ ಎಲೆಗಳನ್ನು ಬೆರಳಿನಿಂದ ಹಿಡಿದುಕೊಂಡಿರಬೇಕು. ಗಾಳಿಯ ರಭಸಕ್ಕೆ ಅದು ತನ್ನ ಮಿತಿ ಮೀರಿ ತಿರುಗಿದರೆ ಬೇರಿಂಗ್ ಹಾಳಾಗುತ್ತದೆ.

ಎಡಭಾಗದ ರೆಕ್ಕೆಗಳ ಒಂದು ಮೂಲೆಯಲ್ಲಿ ತಾಮ್ರ ಹಸಿರುಗಟ್ಟಿತ್ತು. ಇದು ಕಡಲ ಗಾಳಿಯ ಉಪ್ಪಿನ ಕೆಲಸ. ಮೃದುವಾದ ಹಲ್ಲುಜ್ಜುವ ಬ್ರಶ್ಶಿಗೆ ಐಸೊಪ್ರೊಪೈಲ್ ಆಲ್ಕೋಹಾಲ್ ಹಚ್ಚಿ ಬಿಡಿಸಿಕೊಂಡಷ್ಟು ಬಿಡಿಸಿದೆ, ಆದರೆ ಒತ್ತಿ ಉಜ್ಜಲಿಲ್ಲ. ರೆಕ್ಕೆ ಬಾಗಿದರೆ ಹೋದ ಗಾಳಿಯ ದಾರಿ ತಿರುಗಿ ಬರುವುದಿಲ್ಲ.

ಎಡ ಫ್ಯಾನಿನ ಬೇರಿಂಗ್ ಸವೆದು ಕರಕರ ಎನ್ನುತ್ತಿತ್ತು. ಎಣ್ಣೆ ಹಾಕಿ ಕೆಲವು ವಾರ ಓಡಿಸಬಹುದಿತ್ತು, ಆದರೆ ಇಷ್ಟೆಲ್ಲ ಬಿಚ್ಚಿದ ಮೇಲೆ ಅರ್ಧ ಕೆಲಸ ಮಾಡುವುದು ನನಗೆ ಒಗ್ಗದು. ಮಂಗಳೂರಿನ ಬಿಡಿಭಾಗದ ಅಂಗಡಿಯಿಂದ ಹೊಸತು ತರಿಸಿದೆ. ಲ್ಯಾಪ್‌ಟಾಪಿನ ಮಾದರಿಯ ಹೆಸರು ಹೇಳಿ ಫ್ಯಾನು ಕೊಳ್ಳುವವರು ಹಳೆಯದರ ಬೆನ್ನಿನ ಚೀಟಿಯನ್ನು ಓದಿಯೇ ಹೋಗಬೇಕು: ನೋಡಲು ಒಂದೇ ಥರ ಇರುವ ಫ್ಯಾನುಗಳಲ್ಲಿ 5 ವೋಲ್ಟಿನವೂ ಇವೆ, 12 ವೋಲ್ಟಿನವೂ ಇವೆ, ಎಡಬಲಗಳೂ ಬೇರೆ ಬೇರೆ.

ಪೇಸ್ಟಿನ ಬದಲು ಹಾಳೆ

ಚಿಪ್ಪಿನ ಮೇಲೆ ಕೂತು ಅದರ ಶಾಖವನ್ನು ಹೊರಗೊಯ್ಯುವ ಹೀಟ್‌ಸಿಂಕಿನ ಸ್ಕ್ರೂಗಳ ಪಕ್ಕದಲ್ಲಿ 1ರಿಂದ ಆರಂಭಿಸಿ ಅಂಕೆಗಳನ್ನು ಅಚ್ಚು ಹಾಕಿರುತ್ತಾರೆ. ಬಿಗಿಯುವಾಗ ಆ ಕ್ರಮದಲ್ಲಿ, ಬಿಚ್ಚುವಾಗ ಅದರ ವಿರುದ್ಧ ಕ್ರಮದಲ್ಲಿ, ಒಂದೊಂದನ್ನು ಸ್ವಲ್ಪ ಸ್ವಲ್ಪವೇ ತಿರುಗಿಸಬೇಕು. ಡೆಸ್ಕ್‌ಟಾಪಿನ ಪ್ರೊಸೆಸರಿಗೆ ಲೋಹದ ಟೋಪಿ ಇರುತ್ತದೆ. ಲ್ಯಾಪ್‌ಟಾಪಿನಲ್ಲಿ ಸಿಲಿಕಾನ್ ಬರಿಮೈಯಲ್ಲಿರುತ್ತದೆ. ಒಂದು ಮೂಲೆಗೆ ಪೂರ್ತಿ ಒತ್ತಡ ಬಿದ್ದರೆ ಆ ಮೂಲೆಯೇ ಸೀಳಿಹೋಗಬಹುದು.

ಹೀಟ್‌ಸಿಂಕ್ ಎತ್ತಿದಾಗ ಹಳೆಯ ಪೇಸ್ಟ್ ಚಿಪ್ಪಿನ ಅಂಚಿನ ಸುತ್ತ ದಪ್ಪ ಕಟ್ಟೆಯಾಗಿ ನಿಂತಿತ್ತು, ನಡುವಿನಲ್ಲಿ ಮಾತ್ರ ಸಿಲಿಕಾನ್ ಕನ್ನಡಿಯಂತೆ ಹೊಳೆಯುತ್ತಿತ್ತು. ಇದಕ್ಕೆ ಕಾರಣ ಪೇಸ್ಟಿನ ಗುಣಮಟ್ಟವೊಂದೇ ಅಲ್ಲ. ಯಂತ್ರ ಬಿಸಿಯಾದಾಗ ತಾಮ್ರವೂ ಸಿಲಿಕಾನೂ ಬೇರೆ ಬೇರೆ ಪ್ರಮಾಣದಲ್ಲಿ ಹಿಗ್ಗುತ್ತವೆ, ತಣಿದಾಗ ಕುಗ್ಗುತ್ತವೆ. ಈ ಉಸಿರಾಟ ಸಾವಿರಾರು ಸಲ ನಡೆದಾಗ ನಡುವಿನ ಪೇಸ್ಟ್ ಮೆಲ್ಲಗೆ ಅಂಚಿಗೆ ತಳ್ಳಲ್ಪಡುತ್ತದೆ. ಉಳಿದ ಜಾಗವನ್ನು ಗಾಳಿ ತುಂಬುತ್ತದೆ. ತಾಮ್ರದ ಶಾಖವಾಹಕತೆ ಸುಮಾರು 400 ವ್ಯಾಟ್ ಪ್ರತಿ ಮೀಟರ್-ಕೆಲ್ವಿನ್ ಆದರೆ ನಿಂತ ಗಾಳಿಯದು 0.026ರಷ್ಟು. ಕೂದಲೆಳೆಯಷ್ಟು ಗಾಳಿ ಸಿಕ್ಕಿಕೊಂಡರೂ ಅಷ್ಟು ದೊಡ್ಡ ತಾಮ್ರದ ವ್ಯವಸ್ಥೆ ನಿಷ್ಪ್ರಯೋಜಕವಾಗುವುದು ಇದರಿಂದ.

ಪೇಸ್ಟಿನ ಬದಲು ಲಿಕ್ವಿಡ್ ಮೆಟಲ್, ಅಂದರೆ ದ್ರವರೂಪದ ಲೋಹ ಹಾಕಿಬಿಡಿ ಎಂದು ಅಳಿಯ ಕೇಳಿದ್ದುಂಟು. ಅದರಲ್ಲಿ ಮುಖ್ಯವಾಗಿರುವುದು ಗ್ಯಾಲಿಯಂ; ಶಾಖವನ್ನು ಬಲು ಚೆನ್ನಾಗಿ ಒಯ್ಯುತ್ತದೆ ಎಂಬುದು ನಿಜ. ಆದರೆ ಅದು ವಿದ್ಯುತ್ತನ್ನೂ ಒಯ್ಯುತ್ತದೆ, ಅಲ್ಯೂಮಿನಿಯಂ ತಾಗಿದರೆ ಅದನ್ನು ಒಳಗೊಳಗೇ ಪುಡಿಪುಡಿಯಾಗಿಸುತ್ತದೆ. ಬೈಕಿನ ಮೇಲೆ ಬ್ಯಾಗಿನಲ್ಲಿ ಕುಲುಕುತ್ತ ನಮ್ಮ ಗುಂಡಿ ರಸ್ತೆಗಳಲ್ಲಿ ದಿನಾ ಓಡಾಡುವ ಯಂತ್ರದೊಳಗೆ, ಚಿಪ್ಪಿನ ಸುತ್ತ ಸಣ್ಣ ಕೆಪಾಸಿಟರುಗಳು ಬರಿಮೈಯಲ್ಲಿ ನಿಂತಿರುವಾಗ, ಹರಿಯುವ ಲೋಹವನ್ನು ಇಡಲು ನನ್ನ ಮನಸ್ಸು ಒಪ್ಪಲಿಲ್ಲ.

ಹಾಕಿದ್ದು ಹನಿವೆಲ್‌ನ ಪಿಟಿಎಂ7950 ಎಂಬ ತೆಳುಹಾಳೆ. ಕಾಲು ಮಿಲಿಮೀಟರ್ ದಪ್ಪದ ಇದು ಕೋಣೆಯ ಶಾಖದಲ್ಲಿ ಘನವಾಗಿದ್ದು, ಸುಮಾರು 45 ಡಿಗ್ರಿಯಲ್ಲಿ ಮೆತ್ತಗಾಗಿ ಹರಡಿಕೊಳ್ಳುತ್ತದೆ. ತಣಿದಾಗ ಮತ್ತೆ ಗಟ್ಟಿಯಾಗುತ್ತದೆ. ಪೇಸ್ಟಿನ ಹಾಗೆ ಅಂಚಿಗೆ ತಳ್ಳಲ್ಪಟ್ಟು ನಡುವನ್ನು ಬರಿದು ಮಾಡುವ ಗುಣ ಇದಕ್ಕೆ ಬಹಳ ಕಡಿಮೆ. ಚಿಪ್ಪಿಗಿಂತ ಸ್ವಲ್ಪ ದೊಡ್ಡದಾಗಿ ಕತ್ತರಿಸಿ, ಒಂದು ಬದಿಯ ಪ್ಲಾಸ್ಟಿಕ್ ತೆಗೆದು ಅಂಟಿಸಿ, ಇನ್ನೊಂದು ಬದಿಯದನ್ನು ತೆಗೆಯಬೇಕು. ನಕಲಿ ಹಾಳೆಗಳೂ ಮಾರಾಟದಲ್ಲಿವೆ. ನಂಬಿಕೆಯ ವ್ಯಾಪಾರಿಯಿಂದಲೇ ಕೊಳ್ಳಬೇಕು.

ಇಲ್ಲಿ ನಮ್ಮ ಹವೆಗೆ ವಿಶೇಷವಾದ ಒಂದು ತೊಡಕಿದೆ. 32 ಡಿಗ್ರಿಯ ಕೋಣೆಯಲ್ಲಿ ಈ ಹಾಳೆ ಆಗಲೇ ಮೆತ್ತಗಾಗಿ ಪ್ಲಾಸ್ಟಿಕ್ ಬಿಡಿಸುವಾಗ ಹರಿದುಹೋಗುತ್ತದೆ, ಆದ್ದರಿಂದ ಮೊದಲು ಫ್ರಿಜ್ಜಿನಲ್ಲಿಡಬೇಕೆಂದು ಎಲ್ಲರೂ ಹೇಳುತ್ತಾರೆ. ಆದರೆ ಕರಾವಳಿಯಲ್ಲಿ ಫ್ರಿಜ್ಜಿನಿಂದ ಹೊರತೆಗೆದ ಯಾವ ವಸ್ತುವಿನ ಮೇಲೂ ಕ್ಷಣದಲ್ಲಿ ನೀರು ಮುತ್ತುಗಟ್ಟುತ್ತದೆ. 33 ಡಿಗ್ರಿ ಶಾಖ ಮತ್ತು ಶೇಕಡಾ 75 ಆರ್ದ್ರತೆ ಇದ್ದರೆ 28 ಡಿಗ್ರಿಗಿಂತ ತಣ್ಣಗಿರುವ ಮೇಲ್ಮೈಯ ಮೇಲೆಲ್ಲ ಇಬ್ಬನಿ ಕೂರುತ್ತದೆ. ನಾನು ಅನುಸರಿಸುವ ಕ್ರಮ ಹೀಗಿದೆ: ಕತ್ತರಿಸಿದ ತುಂಡುಗಳನ್ನು ಎರಡೂ ಬದಿಯ ಪ್ಲಾಸ್ಟಿಕ್ ಸಮೇತ ಗಾಳಿಯಾಡದ ಜಿಪ್ ಚೀಲದಲ್ಲಿ ಹಾಕಿ ತಣಿಸುವುದು, ಹೊರತೆಗೆದ ಮೇಲೆ ಚೀಲದ ಹೊರಮೈಯನ್ನೂ, ಅನಂತರ ಹಾಳೆಯ ಮೇಲಿನ ಪ್ಲಾಸ್ಟಿಕ್ಕನ್ನೂ ಒಣಬಟ್ಟೆಯಿಂದ ಒರೆಸುವುದು, ಚಿಪ್ಪಿನ ಕಡೆಯ ಪ್ಲಾಸ್ಟಿಕ್ಕನ್ನು ಬೇಗನೆ ಎಳೆದು ಅಂಟಿಸುವುದು. ಚಿಪ್ ಕೋಣೆಯ ಶಾಖದಲ್ಲೇ ಇರುವುದರಿಂದ ಅದರ ಮೇಲೆ ನೀರು ಕೂರುವುದಿಲ್ಲ. ಹಾಳೆ ಕೋಣೆಯ ಶಾಖಕ್ಕೆ ಬಂದ ಮೇಲೆ ಮೇಲಿನ ಪ್ಲಾಸ್ಟಿಕ್ಕನ್ನು ಮೂಲೆಯಿಂದ ಮೆಲ್ಲಗೆ ಎಳೆದರೆ, ಅಷ್ಟರಲ್ಲಿ ಕೆಳಬದಿ ಚಿಪ್ಪಿಗೆ ಕಚ್ಚಿಕೊಂಡಿರುವುದರಿಂದ, ಹರಿಯುವುದಿಲ್ಲ.

ಗ್ರಾಫಿಕ್ಸ್ ಮೆಮೊರಿ ಮತ್ತು ವೋಲ್ಟೇಜ್ ನಿಯಂತ್ರಿಸುವ ಬಿಡಿಭಾಗಗಳ ಮೇಲಿನ ಥರ್ಮಲ್ ಪ್ಯಾಡುಗಳು (ಶಾಖವನ್ನು ಹೀಟ್‌ಸಿಂಕಿಗೆ ದಾಟಿಸುವ ಮೆತ್ತನೆಯ ಪಟ್ಟಿಗಳು) ಒಣಗಿ ಎಣ್ಣೆ ಬಿಟ್ಟಿದ್ದವು. ಹಳೆಯವುಗಳ ಒತ್ತಿಹೋಗದ ಅಂಚನ್ನು ವರ್ನಿಯರ್‌ನಲ್ಲಿ ಅಳೆದು, ಅದೇ 1 ಮಿಲಿಮೀಟರ್ ದಪ್ಪದವನ್ನೇ ಹಾಕಿದೆ. ದಪ್ಪದ ಪ್ಯಾಡ್ ಹೆಚ್ಚು ಒಳ್ಳೆಯದೆಂಬ ಎಣಿಕೆಯಲ್ಲಿ 1.5 ಮಿಲಿಮೀಟರಿನದು ಹಾಕಿದರೆ ಹೀಟ್‌ಸಿಂಕ್ ಅದರ ಮೇಲೆ ಕೂತು, ಮುಖ್ಯ ಚಿಪ್ಪಿಗೆ ಸರಿಯಾಗಿ ತಾಗದೆ ಹೋಗುತ್ತದೆ.

ಎಲ್ಲ ಜೋಡಿಸಿ, ಹಾಳೆ ಹರಡಿಕೊಳ್ಳಲೆಂದು ಕೆಲವು ಸಲ ಬಿಸಿ ಮಾಡಿ ತಣಿಸಿದ ನಂತರ ಅದೇ ಓಟವನ್ನು ಮತ್ತೆ ನಡೆಸಿದೆ. ಕೋಣೆ 32, ಚಿಪ್ 86, ಸೇವನೆ ಪೂರ್ತಿ 45 ವ್ಯಾಟ್, ವೇಗ 3.2 ಗಿಗಾಹರ್ಟ್ಸ್. ವ್ಯಾಟಿಗೆ 1.2 ಡಿಗ್ರಿ. 'ಲಿಮಿಟ್ಸ್' ಕಿಟಕಿಯಲ್ಲಿ ಈಗ ಕೆಂಪಾಗುತ್ತಿದ್ದುದು ಶಾಖದ ಪೆಟ್ಟಿಗೆಯಲ್ಲ, ಪಿಎಲ್1. ತಂತ್ರಾಂಶವನ್ನು ಮುಟ್ಟದೆ, ಯಾವ ಓವರ್‌ಕ್ಲಾಕೂ ಇಲ್ಲದೆ, ಮೂರನೇ ಒಂದು ಭಾಗದಷ್ಟು ವೇಗ ಮರಳಿ ಬಂದಿತ್ತು.

ಹಲಸಿನ ಹಲಗೆಯ ಸ್ಟ್ಯಾಂಡ್

ಈ ಲ್ಯಾಪ್‌ಟಾಪ್ ಗಾಳಿಯನ್ನು ಅಡಿಯಿಂದ ಎಳೆದುಕೊಂಡು ಹಿಂಬದಿಯಿಂದ ಹೊರಬಿಡುತ್ತದೆ. ಮೇಜಿನ ಮೇಲಿಟ್ಟರೆ ಅಡಿಯಲ್ಲಿ ಉಳಿಯುವುದು ರಬ್ಬರ್ ಕಾಲಿನ ಎತ್ತರ ಮಾತ್ರ, ಹಾಸಿಗೆಯ ಮೇಲಿಟ್ಟರೆ ಅದೂ ಇಲ್ಲ. ಅಂಗಡಿಯಲ್ಲಿ ಸಿಗುವ ಹೆಚ್ಚಿನ ಕೂಲಿಂಗ್ ಪ್ಯಾಡುಗಳ ಫ್ಯಾನು ಲ್ಯಾಪ್‌ಟಾಪಿನ ಗಾಳಿಕಿಂಡಿಯ ನೇರಕ್ಕೆ ಬರುವುದೇ ಇಲ್ಲ. ಊದಿದ ಗಾಳಿ ನಾಲ್ಕೂ ಬದಿಗೆ ಚೆಲ್ಲಿಹೋಗುತ್ತದೆ. ಮನೆಯಲ್ಲಿದ್ದ ಒಂದು ಹಲಸಿನ ಹಲಗೆ ಮತ್ತು ಹಳೆಯ ಡೆಸ್ಕ್‌ಟಾಪಿನಿಂದ ತೆಗೆದ 120 ಮಿಲಿಮೀಟರಿನ, 12 ವೋಲ್ಟಿನ ಎರಡು ಫ್ಯಾನುಗಳಿಂದ ನಾನೇ ಒಂದನ್ನು ಕಟ್ಟಿದೆ.

ಮೊದಲು ಕಾಗದವನ್ನು ಲ್ಯಾಪ್‌ಟಾಪಿನ ಅಡಿಗೆ ಒತ್ತಿ ಗಾಳಿಕಿಂಡಿಗಳ ಗುರುತು ತೆಗೆದುಕೊಂಡು, ಹಲಗೆಯ ಮೇಲೆ ಅದೇ ಜಾಗದಲ್ಲಿ ವೃತ್ತ ಬರೆದು ಕೊರೆದೆ. ಫ್ಯಾನುಗಳನ್ನು ಕೆಳಗಿನಿಂದ ಸ್ಕ್ರೂ ಮಾಡಿ, ಅವುಗಳ ಕೆಳಗೆ ನಾಲ್ಕು ಬೆರಳಿನಷ್ಟು ಜಾಗ ಸಿಗುವಂತೆ ಕಾಲು ಕೊಟ್ಟೆ. ಈ ಕಟ್ಟೋಣದಲ್ಲಿ ನಿಜವಾದ ಕೆಲಸ ಮಾಡುವುದು ಫ್ಯಾನಲ್ಲ, ಮೃದು ಸ್ಪಂಜಿನ ಪಟ್ಟಿ: ಕಿಂಡಿಗಳ ಸುತ್ತ ಅದನ್ನು ಚೌಕವಾಗಿ ಅಂಟಿಸಿದರೆ ಲ್ಯಾಪ್‌ಟಾಪ್ ಅದರ ಮೇಲೆ ಒತ್ತಿ ಕೂತು, ಕೆಳಗಿನಿಂದ ಬಂದ ಗಾಳಿಗೆ ಕಿಂಡಿಯೊಳಗೆ ನುಗ್ಗುವುದಲ್ಲದೆ ಬೇರೆ ದಾರಿ ಉಳಿಯುವುದಿಲ್ಲ. ಹಿಂಬದಿಯಿಂದ ಹೊರಬಿದ್ದ ಬಿಸಿಗಾಳಿ ಸುತ್ತಿ ಬಂದು ಮತ್ತೆ ಒಳಹೋಗುವುದನ್ನೂ ಅದೇ ಪಟ್ಟಿ ತಡೆಯುತ್ತದೆ. ಫ್ಯಾನಿನ ಕೆಳಮುಖಕ್ಕೆ ನೈಲಾನ್ ಸೊಳ್ಳೆಪರದೆಯ ತುಂಡನ್ನು ಬಿಗಿದೆ. ಅದು ಸಣ್ಣ ಹುಡಿಯನ್ನು ತಡೆಯದು, ಆದರೆ ರೆಕ್ಕೆಗಳ ಮೇಲೆ ಕಂಬಳಿ ಹೆಣೆಯುವುದು ನಾರುಗಳೇ ಆದ್ದರಿಂದ ಅವುಗಳನ್ನು ಹಿಡಿದರೆ ಅರ್ಧ ಗೆದ್ದಂತೆ. ಸ್ಟ್ಯಾಂಡಿನ ಮೇಲೆ, 32 ಡಿಗ್ರಿಯ ಅದೇ ಕೋಣೆಯಲ್ಲಿ, 45 ವ್ಯಾಟ್‌ಗೆ ಚಿಪ್ 81–82 ಡಿಗ್ರಿಯಲ್ಲಿ ನಿಂತಿತು, ವ್ಯಾಟಿಗೆ 1.1.

ಗಾಳಿಯ ಬದಲು, ವಿದ್ಯುತ್ತು ಹರಿಸಿದಾಗ ಒಂದು ಬದಿ ತಣ್ಣಗಾಗುವ ಪೆಲ್ಟಿಯರ್ ಕೂಲರನ್ನೋ ಐಸ್ ಪ್ಯಾಕನ್ನೋ ಅಡಿಗಿಡುವವರನ್ನು ನೋಡಿದ್ದೇನೆ. ಮೇಲೆ ಹೇಳಿದ ಇಬ್ಬನಿಯ ಲೆಕ್ಕ ಅವರಿಗೂ ಅನ್ವಯಿಸುತ್ತದೆ. ಕಾಸರಗೋಡಿನ ಹವೆಯಲ್ಲಿ ಕೋಣೆಗಿಂತ ಐದಾರು ಡಿಗ್ರಿ ತಣ್ಣಗಿರುವ ಲೋಹ ಒದ್ದೆಯಾಗುತ್ತದೆ, ಆ ನೀರು ಹೋಗುವುದು ಮದರ್‌ಬೋರ್ಡಿಗೆ. ಎಸಿ ಕೋಣೆಯಲ್ಲಿ ತಣಿದ ಲ್ಯಾಪ್‌ಟಾಪನ್ನು ಚಾವಡಿಗೆ ತಂದ ಕೂಡಲೇ ಆನ್ ಮಾಡಬಾರದೆಂಬುದೂ ಇದಕ್ಕಾಗಿಯೇ. ಸ್ವಲ್ಪ ಹೊತ್ತು ಹಾಗೆಯೇ ಬಿಡಬೇಕು.

ವೋಲ್ಟೇಜ್ ಇಳಿಸಿ ವೇಗ ಏರಿಸುವುದು

ಇಷ್ಟಾದ ಮೇಲೆ ತಂತ್ರಾಂಶದ ಸರದಿ. ಚಿಪ್ ದುಡಿಯುವಾಗ ವ್ಯಯವಾಗುವ ವಿದ್ಯುತ್ತು ವೇಗಕ್ಕೆ ನೇರ ಅನುಪಾತದಲ್ಲಿ, ಆದರೆ ವೋಲ್ಟೇಜಿನ ವರ್ಗಕ್ಕೆ ಅನುಪಾತದಲ್ಲಿ ಏರುತ್ತದೆ. ವೋಲ್ಟೇಜನ್ನು ಶೇಕಡಾ 10 ಇಳಿಸಿದರೆ ಅದೇ ವೇಗಕ್ಕೆ ಈ ವ್ಯಯ ಶೇಕಡಾ 19ರಷ್ಟು ಇಳಿಯುತ್ತದೆ. ತಯಾರಕರು ಲಕ್ಷಾಂತರ ಚಿಪ್‌ಗಳಲ್ಲಿ ಅತ್ಯಂತ ದುರ್ಬಲವಾದದ್ದೂ ಓಡಲೆಂದು ಎಲ್ಲಕ್ಕೂ ಸ್ವಲ್ಪ ಹೆಚ್ಚೇ ವೋಲ್ಟೇಜ್ ನಿಗದಿ ಮಾಡಿರುತ್ತಾರೆ. ನಮ್ಮ ಕೈಯಲ್ಲಿರುವ ಒಂದು ಚಿಪ್ಪಿಗೆ ನಿಜವಾಗಿ ಎಷ್ಟು ಸಾಕೆಂದು ಹುಡುಕಿದರೆ, ಉಳಿದ ವ್ಯಾಟ್‌ಗಳನ್ನು ಅದು ತಾನಾಗಿಯೇ ವೇಗಕ್ಕೆ ಬಳಸಿಕೊಳ್ಳುತ್ತದೆ. ಗುಣಕಕ್ಕೆ ಬೀಗ ಹಾಕಿರುವ ಪ್ರೊಸೆಸರಿನಲ್ಲಿ ನಿಜವಾದ ಓವರ್‌ಕ್ಲಾಕಿಂಗ್ ಎಂದರೆ ಇದೇ ಎಂದು ನಾನು ದೃಢವಾಗಿ ನಂಬಿದ್ದೇನೆ.

ಈ ದಾರಿ ಎಲ್ಲ ಯಂತ್ರಗಳಲ್ಲೂ ತೆರೆದಿಲ್ಲ. 2019ರ ಡಿಸೆಂಬರ್‌ನಲ್ಲಿ ಪ್ಲಂಡರ್‌ವೋಲ್ಟ್ ಎಂಬ ಭದ್ರತಾ ದೋಷವನ್ನು ಬರ್ಮಿಂಗ್‌ಹ್ಯಾಮ್, ಗ್ರಾಜ್ ಮತ್ತು ಲ್ಯೂವೆನ್ ವಿಶ್ವವಿದ್ಯಾಲಯಗಳ ಸಂಶೋಧಕರು ಬಹಿರಂಗಪಡಿಸಿದರು. ವೋಲ್ಟೇಜನ್ನು ತಂತ್ರಾಂಶದಿಂದ ತಗ್ಗಿಸಿ, ಇಂಟೆಲ್‌ನ ಎಸ್‌ಜಿಎಕ್ಸ್ ಎಂಬ ರಕ್ಷಿತ ಕೋಣೆಯೊಳಗಿನ ಲೆಕ್ಕಾಚಾರವನ್ನು ಕೆಡಿಸಿ, ಗುಟ್ಟುಗಳನ್ನು ಹೊರತೆಗೆಯಬಹುದೆಂದು ಅವರು ತೋರಿಸಿದರು. ಅದರ ನಂತರ ಅನೇಕ ತಯಾರಕರು ಬಯೋಸ್ (ಯಂತ್ರ ಆರಂಭವಾಗುವಾಗ ಓಡುವ ಮೂಲ ತಂತ್ರಾಂಶ) ಅಪ್‌ಡೇಟ್ ಮೂಲಕ ವೋಲ್ಟೇಜ್ ಬದಲಾವಣೆಗೆ ಬೀಗ ಹಾಕಿದರು. ಅಳಿಯನ ಯಂತ್ರದಲ್ಲಿ ಆ ಬೀಗ ಬಿದ್ದಿರಲಿಲ್ಲ. ವಿಂಡೋಸ್‌ನ 'ಮೆಮೊರಿ ಇಂಟೆಗ್ರಿಟಿ' ಎಂಬ ಭದ್ರತಾ ಸೌಲಭ್ಯ ಚಾಲೂ ಇದ್ದರೂ ವೋಲ್ಟೇಜ್ ಬದಲಾವಣೆ ನಾಟದಿರಬಹುದು. ಅದನ್ನು ಆಫ್ ಮಾಡಿದರೆ ಭದ್ರತೆಯ ಒಂದು ಪದರ ಕಳೆದುಕೊಳ್ಳುತ್ತೇವೆಂಬುದನ್ನು ಅಳಿಯನಿಗೆ ವಿವರಿಸಿ, ಅವನು ಒಪ್ಪಿದ ಮೇಲೆಯೇ ಮುಂದುವರಿದೆ.

ಥ್ರಾಟಲ್‌ಸ್ಟಾಪ್‌ನ 'ಎಫ್‌ಐವಿಆರ್' ಕಿಟಕಿಯಲ್ಲಿ ಕೋರ್ ಮತ್ತು ಕ್ಯಾಶ್ (ಪ್ರೊಸೆಸರಿನೊಳಗಿನ ಸಣ್ಣ ವೇಗದ ಮೆಮೊರಿ) ಎರಡಕ್ಕೂ ಒಂದೇ ಪ್ರಮಾಣದಲ್ಲಿ ವೋಲ್ಟೇಜ್ ತಗ್ಗಿಸುತ್ತ ಹೋಗಬೇಕು. ಹುಡುಕಾಟದ ಹಂತದಲ್ಲಿ ಮೌಲ್ಯಗಳನ್ನು ಕಾಯಂ ಉಳಿಸಬಾರದು. ಉಳಿಸದಿದ್ದರೆ ಯಂತ್ರ ಸ್ಥಗಿತಗೊಂಡಾಗ ರೀಸ್ಟಾರ್ಟ್ ಮಾಡಿದರೆ ಮೊದಲಿನ ಸ್ಥಿತಿಗೆ ಬರುತ್ತದೆ. 50 ಮಿಲಿವೋಲ್ಟ್‌ನಿಂದ ಆರಂಭಿಸಿ ಸಣ್ಣ ಸಣ್ಣ ಹೆಜ್ಜೆಗಳಲ್ಲಿ ಇಳಿಸಿದೆ. 140ರಲ್ಲಿ ಪರದೆ ನೀಲಿಯಾಯಿತು. 130ರಲ್ಲಿ ಓಟ ಮುಗಿಯಿತಾದರೂ ಎಚ್‌ಡಬ್ಲ್ಯೂಇನ್ಫೊದಲ್ಲಿ ಹಾರ್ಡ್‌ವೇರ್ ದೋಷಗಳ ಸಾಲಿನಲ್ಲಿ ಅಂಕೆ ಏರತೊಡಗಿತು. ಇದನ್ನು ಹಲವರು ಗಮನಿಸುವುದಿಲ್ಲ: ಯಂತ್ರ ನಿಲ್ಲದಿದ್ದರೂ ಲೆಕ್ಕ ತಪ್ಪುತ್ತಿದೆ ಎಂಬ ಮುನ್ಸೂಚನೆ ಅದು, ರಾತ್ರಿಯಿಡೀ ಸಂಕಲಿಸಿದ ವಿಡಿಯೊ ಕೊನೆಯಲ್ಲಿ ಕೆಡುವುದು ಇಂಥದರಿಂದಲೇ. 115ಕ್ಕೆ ಹಿಂದೆ ಬಂದು ನಿಲ್ಲಿಸಿದೆ. ಭಾರೀ ಹೊರೆಯಲ್ಲಿ ನಿಂತದ್ದು ಹಗುರ ಹೊರೆಯಲ್ಲಿ ನಿಲ್ಲಲೇಬೇಕೆಂದಿಲ್ಲ, ಏಕೆಂದರೆ ಒಂದೇ ಕೋರ್ 4.5 ಗಿಗಾಹರ್ಟ್ಸ್‌ಗೆ ಹಾರುವುದು ಹಗುರ ಹೊರೆಯಲ್ಲಿಯೇ. ಹಾಗಾಗಿ ಬ್ರೌಸರ್, ಹಾಡು, ನಿದ್ರೆಯಿಂದ ಏಳುವುದು, ಇವೆಲ್ಲವನ್ನೂ ಸಾಮಾನ್ಯ ಬಳಕೆಯಲ್ಲಿ ಪರೀಕ್ಷಿಸಿದ ನಂತರವೇ ಮೌಲ್ಯವನ್ನು ಉಳಿಸಿದೆ.

45 ವ್ಯಾಟ್‌ನಲ್ಲಿ ವೇಗ 3.2ರಿಂದ 3.6 ಗಿಗಾಹರ್ಟ್ಸ್‌ಗೆ ಏರಿತು, ಶಾಖ ಏರಲಿಲ್ಲ. ಇನ್ನು ಪಿಎಲ್1 ಎಷ್ಟಿರಬೇಕು ಎಂಬ ಪ್ರಶ್ನೆಗೆ ನನ್ನ ವ್ಯಾಟಿಗಿಷ್ಟು ಡಿಗ್ರಿಯ ಲೆಕ್ಕ ಉತ್ತರ ಕೊಟ್ಟಿತು. ಏಪ್ರಿಲ್‌ನ ಕೋಣೆ 35 ಎಂದು ಹಿಡಿಯೋಣ. ಸ್ಟ್ಯಾಂಡ್ ಇಲ್ಲದೆ, ವ್ಯಾಟಿಗೆ 1.2ರಂತೆ, 55 ವ್ಯಾಟ್ ಚಿಪ್ಪನ್ನು 101 ಡಿಗ್ರಿಗೆ ಒಯ್ಯುತ್ತದೆ, ಅಂದರೆ ಮಿತಿಯ ಆಚೆಗೆ. 50 ವ್ಯಾಟ್ ಆದರೆ 95. ಸ್ಟ್ಯಾಂಡಿನ ಮೇಲೆ 90. ಮಳೆಗಾಲದ ದಿನ ನೋಡಿದ್ದರೆ 55 ವ್ಯಾಟ್ ಕೂಡ ಸಲೀಸಾಗಿ ಕಾಣುತ್ತಿತ್ತು. ನಾನು 50ಕ್ಕೆ ನಿಲ್ಲಿಸಿದೆ. ಆರೂ ಕೋರ್‌ಗಳು ಈಗ 3.7–3.8 ಗಿಗಾಹರ್ಟ್ಸ್‌ನಲ್ಲಿ ಹತ್ತು ನಿಮಿಷವೂ ಒಂದೇ ಸಮನೆ ಓಡುತ್ತವೆ.

ಗ್ರಾಫಿಕ್ಸ್ ಚಿಪ್ಪಿನ ಕೆಲಸ ಬೇಗ ಮುಗಿಯಿತು. ಎಂಎಸ್‌ಐ ಆಫ್ಟರ್‌ಬರ್ನರ್‌ನಲ್ಲಿ ವೋಲ್ಟೇಜ್ ಮತ್ತು ವೇಗದ ರೇಖೆಯನ್ನು ತೆರೆದು, 825 ಮಿಲಿವೋಲ್ಟ್‌ಗೆ 1770 ಮೆಗಾಹರ್ಟ್ಸ್ ಎಂದು ಬಿಂದುವನ್ನು ಎತ್ತಿ, ಅದರ ಬಲಕ್ಕಿರುವ ರೇಖೆಯನ್ನೆಲ್ಲ ಸಮತಟ್ಟಾಗಿಸಿದೆ. ಕಾಗದದ ಮೇಲೆ ಈ ಚಿಪ್ಪಿನ ಬೂಸ್ಟ್ ವೇಗ 1590 ಮೆಗಾಹರ್ಟ್ಸ್, ವಿದ್ಯುತ್ ಮಿತಿ 80 ವ್ಯಾಟ್. ಎರಡೂ ಚಿಪ್‌ಗಳು ಶಾಖವನ್ನು ರೆಕ್ಕೆಗಳಿಗೆ ಒಯ್ಯುವ ಒಂದೇ ಹೀಟ್‌ಪೈಪನ್ನು ಹಂಚಿಕೊಳ್ಳುವುದರಿಂದ ಆಟದ ಹೊತ್ತಿನಲ್ಲಿ ಒಂದರ ಉಳಿತಾಯ ಇನ್ನೊಂದಕ್ಕೆ ಲಾಭ: ಮೊದಲು 87 ಡಿಗ್ರಿಯಲ್ಲಿ ಉಸಿರುಗಟ್ಟುತ್ತಿದ್ದ ಗ್ರಾಫಿಕ್ಸ್ ಚಿಪ್ ಈಗ ಒಂದು ಗಂಟೆಯ ಆಟದ ನಂತರವೂ 75–76 ಡಿಗ್ರಿಯಲ್ಲಿದೆ. ಮೆಮೊರಿಯ ವೇಗವನ್ನು ನಾನು ಏರಿಸಲಿಲ್ಲ. ಈ ಚಿಪ್ ತನ್ನ ಮೆಮೊರಿಯ ಶಾಖವನ್ನು ಯಾವ ತಂತ್ರಾಂಶಕ್ಕೂ ತಿಳಿಸುವುದಿಲ್ಲ. ಅಳೆಯಲಾಗದ್ದನ್ನು ಏರಿಸುವುದು ನನ್ನ ಕ್ರಮವಲ್ಲ.

ಅಡಾಪ್ಟರ್ ಬಗ್ಗೆ ಅಳಿಯನಿಗೆ ಚಿಂತೆಯಿತ್ತು, ಏಕೆಂದರೆ ಅವರ ಮನೆಯಲ್ಲಿ ಸಂಜೆ ವೋಲ್ಟೇಜ್ 180ಕ್ಕೆ ಇಳಿಯುವುದುಂಟು. ಇದರ ಅಡಾಪ್ಟರ್ 100ರಿಂದ 240 ವೋಲ್ಟ್‌ವರೆಗೆ ಒಪ್ಪುವಂಥದ್ದು, 180 ವ್ಯಾಟ್ ಕೊಡುತ್ತದೆ. ಪ್ರೊಸೆಸರಿನ 50, ಗ್ರಾಫಿಕ್ಸಿನ 80, ಪರದೆ ಮತ್ತು ಉಳಿದವುಗಳನ್ನು ಸೇರಿಸಿದರೂ ಸಾಕಾಗಿ ಉಳಿಯುತ್ತದೆ. ಸಿಡಿಲಿನ ದಿನಗಳಲ್ಲಿ ಮಾತ್ರ ಪ್ಲಗ್ ಕಳಚಿಯೇ ಇಡಬೇಕು.

ಯಂತ್ರವನ್ನು ಅಳಿಯನಿಗೆ ಒಪ್ಪಿಸುವಾಗ ಕೋಣೆಯ ಥರ್ಮಾಮೀಟರನ್ನೂ ಕೊಟ್ಟು, ತಿಂಗಳಿಗೊಮ್ಮೆ ಅದೇ ಓಟ ನಡೆಸಿ, ವ್ಯಾಟಿಗೆಷ್ಟು ಡಿಗ್ರಿ ಎಂದು ಬರೆದಿಡಲು ಹೇಳಿದ್ದೇನೆ. ಅದು 1.4 ದಾಟಿದರೆ ಫ್ಯಾನಿನ ಮುಚ್ಚಳ ಬಿಚ್ಚಿ ರೆಕ್ಕೆಗಳನ್ನು ನೋಡುವ ಹೊತ್ತಾಯಿತು. ಹೀಟ್‌ಸಿಂಕನ್ನೂ ಹಾಳೆಯನ್ನೂ ಆಗ ಮುಟ್ಟಬೇಕಾಗಿಲ್ಲ. ಅಡಿಕೆ ಸುಲಿಯುವ ಕಾಲ ಮುಗಿದ ಮೇಲೆ ಒಮ್ಮೆ, ಮಳೆಗಾಲ ಮುಗಿದ ಮೇಲೆ ಒಮ್ಮೆ ಸೊಳ್ಳೆಪರದೆಯನ್ನು ತೊಳೆಯಬೇಕು. ಎಡಭಾಗದ ರೆಕ್ಕೆಗಳ ಹಸಿರುಗಟ್ಟಿದ ಮೂಲೆಯ ಚಿತ್ರ ತೆಗೆದಿಟ್ಟುಕೊಂಡಿದ್ದೇನೆ. ಮುಂದಿನ ಸಲ ಬಿಚ್ಚಿದಾಗ ಅದು ಹರಡಿರುವುದು ಕಂಡರೆ ಹೀಟ್‌ಸಿಂಕನ್ನೇ ಬದಲಿಸಬೇಕಾಗುತ್ತದೆ. ಹಳೆಯ ಮಾದರಿಗಳ ಬಿಡಿಭಾಗ ಸಿಗುವುದು ವರ್ಷದಿಂದ ವರ್ಷಕ್ಕೆ ಕಷ್ಟವಾಗುತ್ತಿರುವುದರಿಂದ ಮಂಗಳೂರಿನ ಅದೇ ಅಂಗಡಿಯಲ್ಲಿ ಒಂದನ್ನು ಈಗಲೇ ಹೇಳಿಟ್ಟಿದ್ದೇನೆ.